ತೊಟ್ಟಿಲಿನ ಗುರುತು ಎಲ್ಲಿದೆ?

ಗದಗ ಸೀಮೆಯ ಹರ್ತಿ, ಮುಳಗುಂದ, ಶಿರಹಟ್ಟಿ ಕಡೆಯ ಹಳೆಯ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ಕತ್ತೆತ್ತಿದರೆ ತೊಲೆಗೆ ಬಡಿದ ಕಬ್ಬಿಣದ ಕೊಂಡಿಗಳು ಕಣ್ಣಿಗೆ ಬೀಳುತ್ತವೆ. ಕೊಂಡಿ ಉಳಿದಿರುತ್ತದೆ, ತೊಟ್ಟಿಲು ಇರುವುದಿಲ್ಲ. ಅದು ಅಟ್ಟ ಸೇರಿರಬಹುದು, ಎರವಲು ಹೋದ ನೆಂಟರ ಮನೆಯಲ್ಲೇ ಉಳಿದಿರಬಹುದು, ಇಲ್ಲವೆ ಹಳೆ ಸಾಮಾನು ಕೊಳ್ಳುವವರ ಟೆಂಪೋ ಏರಿ ಬೆಂಗಳೂರಿನ ಅಂಗಡಿ ಮುಟ್ಟಿರಬಹುದು. ಅಂಗಡಿ ಸೇರಿದ ತೊಟ್ಟಿಲಿನ ಚಿತ್ರದ ಹಲಗೆಗಳನ್ನು ಬಿಡಿಸಿ, ಉಜ್ಜಿ, ವಾರ್ನಿಶ್ ಬಳಿದು ಗೋಡೆಗೆ ತೂಗುಹಾಕುವುದುಂಟು. ಅದಕ್ಕೆ ಬೆಲೆ ಕಟ್ಟುವುದು ಚಿತ್ರದ ಅಂದವನ್ನೂ ‘ನೂರು ವರ್ಷದ್ದು’ ಎಂಬ ಬಾಯಿಮಾತನ್ನೂ ನೋಡಿ. ಹಳೆಯ ತೊಟ್ಟಿಲನ್ನು ಗುರುತಿಸಲು ಇವೆರಡೂ ಸಾಲವು. ಗಟ್ಟಿ ಆಧಾರ ಸಿಗುವುದು ಉಜ್ಜಿ ತೆಗೆದುಹಾಕುವ ಭಾಗದಲ್ಲೇ: ಸವೆತದಲ್ಲಿ, ರಿಪೇರಿಯಲ್ಲಿ, ಒಂದರ ಮೇಲೊಂದು ಕೂತ ಬಣ್ಣದಲ್ಲಿ. ಜೊತೆಗೆ, ಅದು ಯಾವ ತವರಿನಿಂದ ಯಾವ ಮನೆಗೆ ಬಂತೆಂಬ ಮಾತಿನಲ್ಲಿ.

ಮಕ್ಕಳ ಪುರಾತನ ಪೀಠೋಪಕರಣ ಎಂಬ ಸಂಗ್ರಹವೇ ನಮಗೆ ಹೊಂದದು ಎಂದು ಮೊದಲಿಗೇ ಒಬ್ಬರು ತಕರಾರು ತೆಗೆಯಬಹುದು. ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ 1974ರಿಂದ ಬಾಲ್ಯಕ್ಕೇ ಮೀಸಲಾದ ಮ್ಯೂಸಿಯಂ ಇದೆ. 2023ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ತೆರೆಯಿತು. ಎತ್ತರ ಕಾಲಿನ ಊಟದ ಕುರ್ಚಿ, ಕುಳ್ಳ ಮೇಜು, ನಡಿಗೆ ಕಲಿಸುವ ಚೌಕಟ್ಟು, ಕಟಾಂಜನದ ಮಂಚ ಎಂದು ಯುರೋಪಿನ ಸಂಗ್ರಾಹಕರಿಗೆ ಹತ್ತು ಬಗೆ. ಗದಗ ಸೀಮೆಯಲ್ಲಿ ಇವು ಇರಲಿಲ್ಲವೆಂಬುದು ಬಹುಮಟ್ಟಿಗೆ ನಿಜ. ಆದರೆ ಕಾರಣ ನೋಡಬೇಕು. ಎತ್ತರದ ಕುರ್ಚಿ ಬೇಕಾಗುವುದು ದೊಡ್ಡವರು ಮೇಜಿನ ಮೇಲೆ ಉಣ್ಣುವ ಮನೆಯಲ್ಲಿ. ಎಲ್ಲರೂ ನೆಲದ ಮೇಲೆ, ಹೆಚ್ಚೆಂದರೆ ಮಣೆಯ ಮೇಲೆ ಕೂತು ರೊಟ್ಟಿ ಮುರಿಯುವಲ್ಲಿ ಕೂಸಿಗೆ ಬೇರೆ ಪೀಠ ಯಾಕೆ? ಆರು ತಿಂಗಳು ದಾಟಿದ ಕೂಸು ದೊಡ್ಡವರ ಜಾಗಕ್ಕೇ ಬಂದು ಕೂರುತ್ತದೆ. ನಡಿಗೆ ಕಲಿಯಲು ಮೂರು ಗಾಲಿಯ ತಳ್ಳುಬಂಡಿ ಇತ್ತು, ಅದು ಸವೆದು ಒಲೆ ಸೇರುವ ಸಾಮಾನು. ಉಳಿದದ್ದು ನೆಲಕ್ಕೆ ಇನ್ನೂ ಇಳಿಯದ ಕೂಸಿನ ಮೊದಲ ತಿಂಗಳುಗಳು. ಸಗಣಿ ಸಾರಿಸಿದ ನೆಲ, ಇರುವೆ, ಚೇಳು, ಮಳೆಗಾಲದ ತಂಪು, ಇವೆಲ್ಲದರಿಂದ ಮೇಲೆ ಕೂಸನ್ನು ತೂಗಿಡಬೇಕು. ಬಡವರ ಮನೆಯಲ್ಲಿ ಈ ಕೆಲಸಕ್ಕೆ ಹಳೆ ಸೀರೆಯ ಜೋಳಿಗೆ ಸಾಕಿತ್ತು. ಉಳ್ಳವರು ಬೇರೆ ಕಡೆ ಹತ್ತು ಸಾಮಾನಿಗೆ ಹಂಚಿಹೋಗುವ ಕಸುಬು, ದುಡ್ಡು, ಚಿತ್ರ ಎಲ್ಲವನ್ನೂ ಒಂದೇ ತೊಟ್ಟಿಲಿಗೆ ಸುರಿದರು. ಸಂಗ್ರಾಹಕನಿಗೆ ಇದು ಕೊರತೆಯಲ್ಲ, ಒಂದೇ ವಸ್ತುವನ್ನು ಆಳವಾಗಿ ಓದುವ ಅನುಕೂಲ.

ಗದಗ ಸೀಮೆಯ ಎರಡೂ ಬದಿಗೆ ಚಿತ್ರಗಾರರ ಊರುಗಳಿವೆ. ಪಡುವಣಕ್ಕೆ ಹುಬ್ಬಳ್ಳಿ ದಾಟಿದರೆ ಧಾರವಾಡ ಜಿಲ್ಲೆಯ ಕಲಘಟಗಿ, ಮೂಡಲಿಗೆ ಕೊಪ್ಪಳದ ಬಳಿ ಕಿನ್ನಾಳ. ಬಣ್ಣದ ತೊಟ್ಟಿಲು ಕಂಡೊಡನೆ ‘ಕಲಘಟಗಿಯದ್ದು’ ಎಂದುಬಿಡುವುದು ರೂಢಿ, ಆ ಊರಿನ ಹೆಸರು ಅಷ್ಟು ದೊಡ್ಡದು. ಆದರೆ ಎರಡೂರಿನ ಕೆಲಸ ಬುಡದಿಂದಲೇ ಬೇರೆ. ಕಲಘಟಗಿಯದ್ದು ಸಾಗುವಾನಿ, ದಾಂಡೇಲಿ–ಹಳಿಯಾಳದ ಕಾಡು ದೂರವಿಲ್ಲ. ಗಟ್ಟಿ ಹಲಗೆಯ ಮೇಲೆ ಅರಗಿನ ಬಣ್ಣ ಕೂರಿಸಿ, ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಯ ಪ್ರಸಂಗ ಬರೆಯುತ್ತಾರೆ. ಲಿಂಗಾಯತರ ಮನೆಗೆ ಬಸವಣ್ಣ ಮತ್ತು ಶರಣರು, ಮುಸ್ಲಿಮರ ಮನೆಗೆ ಮನುಷ್ಯರೂಪವಿಲ್ಲದ ಹೂವು ಬಳ್ಳಿ. ಕಿನ್ನಾಳದ ಕಸುಬು ಹಗುರ ಮರದ್ದು. ಗೋಣಿಯ ಚೂರು ನೆನೆಸಿ, ಒಣಗಿಸಿ, ಪುಡಿಮಾಡಿ ಹುಣಸೆಬೀಜದ ಸರಿಯಲ್ಲಿ ಕಲಸಿದ ಕಿಟ್ಟವನ್ನು ಸಂದುಗಳಿಗೆ ಮೆತ್ತುತ್ತಾರೆ. ಕಲ್ಲಿನ ಪುಡಿ ಮತ್ತು ಅಂಟಿನಿಂದ ಒಡವೆಯ ಉಬ್ಬು ಎಬ್ಬಿಸುತ್ತಾರೆ. ತವರದ ತಗಡು ಬಡಿದು ಮಾಡಿದ ಲಾಜವಾರದಿಂದ ಮಿರುಗು ಕೊಡುತ್ತಾರೆ. ಹಾಗಾಗಿ ಮುಂಡರಗಿಯ ಅಟ್ಟದಲ್ಲಿ ಸಿಕ್ಕ ಹಲಗೆಯನ್ನು ಮೊದಲು ಕೈಯಲ್ಲಿ ಹಿಡಿದು ತೂಕ ನೋಡಬೇಕು, ಆಮೇಲೆ ಬಣ್ಣ ಎದ್ದ ಅಂಚನ್ನು ನೋಡಬೇಕು. ಬಣ್ಣದಡಿ ನೇರ ಮರವೇ ಇದೆಯೋ, ಬಿಳಿಚಿದ ಗಾರೆಯಂಥ ಪದರವಿದೆಯೋ? ಚಿತ್ರದಲ್ಲಿರುವುದು ರಾಮನೋ ಕೃಷ್ಣನೋ ಎಂಬುದಕ್ಕಿಂತ ಈ ಅಂಚು ಹೆಚ್ಚು ಹೇಳುತ್ತದೆ.

ಕಾಲದ ಪ್ರಶ್ನೆ ಇನ್ನೂ ಕಷ್ಟ. ಚಿತ್ರಗಾರರು ಹೆಸರು, ಇಸವಿ ಬರೆದಿಡುವುದು ಅಪರೂಪ, ಚಿತ್ರದ ಶೈಲಿ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತಲೇ ಬಂದದ್ದು. ಹಾಗಾಗಿ ಮಾತಾಡಬೇಕಾದದ್ದು ಸಣ್ಣಪುಟ್ಟ ಭಾಗಗಳು. ಸಂದಿನಲ್ಲಿರುವುದು ಕಮ್ಮಾರ ಬಡಿದ ಚೌಕು ಮೊಳೆಯೋ, ಕಾರ್ಖಾನೆಯ ಗುಂಡು ತಂತಿಯ ಮೊಳೆಯೋ? ಗದಗಿಗೆ 1880ರ ದಶಕದಲ್ಲಿ ರೈಲು ಬಂದ ಮೇಲೆ ಎರಡನೆಯದು ಪೇಟೆಯಲ್ಲಿ ಸಲೀಸಾಗಿ ಸಿಗತೊಡಗಿರಬೇಕು. ತಲೆಯಲ್ಲಿ ಕೂಡು ಗುರುತಿನ ತಿರುಪು ಕಂಡರೆ ಅದು 1930ರ ದಶಕಕ್ಕಿಂತ ಹಿಂದಿನದಲ್ಲ. ಕಡೆದ ಕಂಬದ ಅಡ್ಡಳತೆಯನ್ನು ಎರಡು ದಿಕ್ಕಿನಲ್ಲಿ ಹಿಡಿದು ನೋಡಿ: ಮರ ಒಣಗುತ್ತಾ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗುವುದಿಲ್ಲ, ಹಳೆಯ ಕಂಬ ಪೂರ್ತಿ ಗುಂಡಗೆ ಉಳಿದಿರುವುದಿಲ್ಲ. ಸಾಗುವಾನಿ ಕುಗ್ಗುವುದೇ ಕಡಿಮೆಯಾದ್ದರಿಂದ ವ್ಯತ್ಯಾಸ ಕೂದಲೆಳೆಯಷ್ಟು, ಕಣ್ಣಳತೆಗೆ ಸಿಗದು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಒಣಗಿದ ಎಣ್ಣೆಬಣ್ಣ ಅಷ್ಟು ಸುಲಭಕ್ಕೆ ಜಗ್ಗದು. ಕಾಣದ ಮೂಲೆಯಲ್ಲಿ ಹತ್ತಿಯ ತುದಿ ತೋಯಿಸಿ ಒಂದು ಚುಕ್ಕೆ ಒತ್ತಿದರೆ ಯಾವುದೆಂದು ತಿಳಿಯುತ್ತದೆ. ಬಿಳಿಯಲ್ಲಿ ಟೈಟಾನಿಯಂ ಸಿಕ್ಕರೆ ಆ ಪದರ ಮೊದಲ ಮಹಾಯುದ್ಧದ ಕಾಲಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆದರೆ ಈ ಎಲ್ಲ ಪರೀಕ್ಷೆಗಳಿಗೂ ಒಂದು ಮಿತಿ ಇದೆ. ಅವು ಹೇಳುವುದು ಆ ಮೊಳೆಯ, ಆ ಪದರದ ಕಾಲವನ್ನು, ತೊಟ್ಟಿಲಿನ ಕಾಲವನ್ನಲ್ಲ. ಹಳೆ ಹಲಗೆಗೆ ಹೊಸ ಮೊಳೆ ಬಿದ್ದಿರಬಹುದು, ಹೊಸ ಚೌಕಟ್ಟಿಗೆ ಹಳೆ ಹಲಗೆ ಕೂತಿರಬಹುದು.

ಇಲ್ಲೇ ಸವೆತದ ಸಾಕ್ಷ್ಯ ಮೇಲಾಗುತ್ತದೆ, ಅದನ್ನು ಸುಳ್ಳಾಗಿ ಹುಟ್ಟಿಸುವುದು ಕಷ್ಟ. ತಾಯಿಯೋ ಅಜ್ಜಿಯೋ ನೆಲದ ಮೇಲೆ ಕೂತು ಒಂದೇ ಕೈಯಲ್ಲಿ ತೂಗುವಾಗ ಹಿಡಿಯುವುದು ಒಂದು ಬದಿಯ ಪಟ್ಟಿಯನ್ನು. ಆ ಪಟ್ಟಿಯ ಕೆಳ ಅಂಚು ನುಣುಪಾಗಿ, ಎಣ್ಣೆಗೈಯಿಂದ ಕಪ್ಪಾಗಿರುತ್ತದೆ, ಎದುರು ಬದಿಯ ಪಟ್ಟಿ ಹಾಗಿರುವುದಿಲ್ಲ. ಸರಪಳಿಯ ಕೊಕ್ಕೆ ಕೂರುವ ಉಂಗುರ ಮೇಲ್ಭಾಗದಲ್ಲಿ ಮಾತ್ರ ತೆಳ್ಳಗಾಗಿರುತ್ತದೆ. ಹಲ್ಲು ಬರುವ ಕೂಸು ಕಚ್ಚುವುದು ಒಳಮೈಯ ಮೇಲಂಚನ್ನು. ನಾಲ್ಕೂ ಬದಿ ಒಂದೇ ಸಮ ‘ಹಳತಾದ’ ತೊಟ್ಟಿಲು ಕಂಡರೆ ಅನುಮಾನಿಸಬೇಕು, ಅದನ್ನು ಹಳತು ಮಾಡಿದ್ದು ಕೂಸುಗಳಲ್ಲ, ಉಪ್ಪುಕಾಗದ. ಇದೇ ಸವೆತ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ನಮ್ಮಲ್ಲಿ ತೊಟ್ಟಿಲೆಂದರೆಲ್ಲ ಕೂಸಿನದೇ ಅಲ್ಲ. ಗೋಕುಲಾಷ್ಟಮಿ, ರಾಮನವಮಿ, ಬಸವ ಜಯಂತಿಗೆ ದೇವರನ್ನು, ಬಾಲ ಬಸವಣ್ಣನನ್ನು ಹಾಕಿ ತೂಗುವ ತೊಟ್ಟಿಲುಗಳಿವೆ. ಮಕ್ಕಳ ಭಾಗ್ಯ ಬೇಡಿ ಗುಡಿಗಳಲ್ಲೂ ದರ್ಗಾಗಳಲ್ಲೂ ಕಟ್ಟುವ ಗೇಣುದ್ದದ ಹರಕೆ ತೊಟ್ಟಿಲುಗಳಿವೆ. ಹರಕೆಯದನ್ನು ‘ಗೊಂಬೆಯ ತೊಟ್ಟಿಲು’ ಎಂದೂ ದೇವರದನ್ನು ‘ಅರಸು ಮನೆತನದ ಕೂಸಿನದು’ ಎಂದೂ ಮಾರಿದರೆ ಕೊಂಡವರಿಗೆ ಗೊತ್ತಾಗದು. ವರ್ಷಕ್ಕೊಮ್ಮೆ ತೂಗಿದ್ದರ ಒಳಮೈಯಲ್ಲಿ ಕಚ್ಚಿದ ಗುರುತು ಎಲ್ಲಿಂದ ಬರಬೇಕು? ಅದರ ಮೇಲಿರುವುದು ಅರಿಶಿನ, ಕುಂಕುಮ, ಎಣ್ಣೆದೀಪದ ಮಸಿ.

ಮರ ಹೇಳಲಾರದ ಇನ್ನೊಂದು ಭಾಗವಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ, ತೊಟ್ಟಿಲು ತವರಿನ ಉಡುಗೊರೆ, ಬಾಣಂತನ ಮುಗಿದ ಮೇಲೆ ಮಗಳು ಕೂಸು–ತೊಟ್ಟಿಲ ಸಮೇತ ಗಂಡನ ಮನೆಗೆ. ಹೀಗಾಗಿ ಹರ್ತಿಯ ಮನೆಯೊಂದರಲ್ಲಿ ತೂಗುವ ತೊಟ್ಟಿಲು ಹರ್ತಿಯವರು ಕೊಂಡದ್ದಲ್ಲ, ಸೊಸೆಯ ತವರಿನವರು ಮಾಡಿಸಿದ್ದು. ಆಮೇಲೆ ಅದು ಅಣ್ಣತಮ್ಮಂದಿರ ಮನೆ, ಓಣಿಯ ಮನೆ ಸುತ್ತುತ್ತದೆ. ಹತ್ತು ಕೂಸು ಮಲಗಿ ಎದ್ದ ತೊಟ್ಟಿಲೇ ಶುಭ ಎಂಬ ನಂಬಿಕೆ ಬೇರೆ. ನಟ ಅಂಬರೀಶ್ ಅವರು ಯಶ್–ರಾಧಿಕಾ ಪಂಡಿತ್ ತಾರಾ ದಂಪತಿಯ ಕೂಸಿಗೆಂದು ಕಲಘಟಗಿಯಲ್ಲಿ ತೊಟ್ಟಿಲಿಗೆ ಹೇಳಿಟ್ಟಿದ್ದರು; 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡ ಮೇಲೆ ಅದು ಆ ಮನೆ ಸೇರಿತು. ಆ ಸಂಗತಿ ಕರ್ನಾಟಕದ ಪತ್ರಿಕೆಗಳಲ್ಲೆಲ್ಲ ಬಂತು. ತೊಟ್ಟಿಲನ್ನು ಮಾತ್ರ ಎಷ್ಟು ಪರೀಕ್ಷಿಸಿದರೂ ಅದು ತೀರಿಹೋದವರ ಉಡುಗೊರೆಯೆಂದು ತಿಳಿಯದು. ಹೆಸರುವಾಸಿ ಅಲ್ಲದ ಮನೆಗಳ ತೊಟ್ಟಿಲುಗಳಿಗೆ ಪತ್ರಿಕೆಯ ಸುದ್ದಿ ಇಲ್ಲ, ಮನೆಯ ಹಿರಿಯ ಹೆಣ್ಣುಮಕ್ಕಳ ನೆನಪೊಂದೇ ದಾಖಲೆ. ಟೆಂಪೋ ಹೊರಟ ಗಳಿಗೆಗೆ ಆ ದಾಖಲೆ ಕಡಿದುಹೋಗುತ್ತದೆ.

ಉಜ್ಜುವುದಕ್ಕೂ ಮಾರುವುದಕ್ಕೂ ಎತ್ತಿದ ಈ ಆಕ್ಷೇಪಕ್ಕೆ ಎದುರಾಗಿ ಎರಡು ಬಲವಾದ ಮಾತುಗಳಿವೆ. ಒಂದು: ಕಲಘಟಗಿಯ ತೊಟ್ಟಿಲಿಗೆ ಮತ್ತೆ ಬಣ್ಣ ಹಾಕಿಸುವುದು ಹೊಸದೇನಲ್ಲ, ಹಾಗಿದ್ದ ಮೇಲೆ ಅಂಗಡಿಯವನ ಪಾಲಿಶ್‌ಗೆ ಆಕ್ಷೇಪ ಯಾಕೆ? ವ್ಯತ್ಯಾಸ ಸ್ಪಷ್ಟವಿದೆ. ಚಿತ್ರಗಾರ ಹಳೆಯದರ ಮೇಲೆ ಬಣ್ಣ ಕೂಡಿಸುತ್ತಾನೆ, ಕೆಳಗಿನ ಪದರ ಉಳಿದೇ ಇರುತ್ತದೆ, ಮುಂದೆ ಯಾರಾದರೂ ಓದಬಹುದು. ಪಾಲಿಶ್ ಕಳೆಯುತ್ತದೆ. ಎರಡು: ಕೊಳ್ಳುವವರು ಬಾರದಿದ್ದರೆ ಈ ತೊಟ್ಟಿಲುಗಳು ಗೆದ್ದಲಿಗೋ ಒಲೆಗೋ ಹೋಗುತ್ತಿದ್ದವು. ಇದನ್ನು ಅಲ್ಲಗಳೆಯುವಂತಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮ ಹುಟ್ಟಿದ್ದೇ ಬೀಳುವ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದರಿಂದ. ರಾಮನಗರದ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ಹಳ್ಳಿಯ ನಿತ್ಯದ ಸಾಮಾನಿಗೂ ಮ್ಯೂಸಿಯಂ ಮರ್ಯಾದೆ ತಂದರು. ಸಂಗ್ರಹಿಸುವುದೇ ತಪ್ಪೆಂದು ಇಲ್ಲಿನ ವಾದವಲ್ಲ, ವಿಳಾಸವಿಲ್ಲದೆ ಸಂಗ್ರಹಿಸುವುದರ ಬಗ್ಗೆ ತಕರಾರು. ತೊಟ್ಟಿಲಿನ ತಳಕ್ಕೆ ಒಂದು ಚೀಟಿ ಸಾಕು: ತವರು ಯಾವೂರು, ಮಾಡಿಸಿದ್ದು ಯಾವ ಕೂಸಿಗೆ, ಎಷ್ಟು ಮನೆ ಸುತ್ತಿತು, ಬಣ್ಣ ಯಾವಾಗ ಹಾಕಿಸಿದರು, ಸರಪಳಿ ಅದರದೇ ಹೌದೋ ಅಲ್ಲವೋ. ಜೊತೆಗೆ ಕೊಂಡಿ ಸಮೇತ ತೊಲೆಯ ಒಂದು ಫೋಟೊ. ಕಾನೂನಿನ ಮಾತೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ತುಂಬಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅಂಗಡಿಯಲ್ಲಿ ‘ನೂರು ವರ್ಷದ್ದು’ ಎಂದು ಬೆಲೆ ಏರಿಸಿದ್ದೇ ವಿದೇಶಕ್ಕೆ ಹೊರಡುವಾಗ ‘ಮೊನ್ನೆ ಮೊನ್ನೆ ಮಾಡಿದ್ದು’ ಆಗಿಬಿಡುವ ಸೋಜಿಗಕ್ಕೆ ಇದೇ ಕಾರಣ.

ಉಳಿದದ್ದು, ಸಿಕ್ಕ ಹಳೆಯ ತೊಟ್ಟಿಲಲ್ಲಿ ಈಗಿನ ಕೂಸನ್ನು ಮಲಗಿಸಬಹುದೇ ಎಂಬುದು. ಮನೆಯವರಿಗೆ ಆಸೆ ಇದ್ದೇ ಇರುತ್ತದೆ. ಆದರೆ ಹಳೆಯ ಬಣ್ಣದಲ್ಲಿ ಹಳದಿ ಹರಿತಾಳವಾಗಿರಬಹುದು, ಅದರಲ್ಲಿ ಆರ್ಸೆನಿಕ್ ಇದೆ. ಕೆಂಪು ಇಂಗಳೀಕವಾಗಿರಬಹುದು, ಅದರಲ್ಲಿ ಪಾದರಸ ಇದೆ. ಮೇಲೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ ಹತ್ತು ಲಕ್ಷದಲ್ಲಿ 90 ಭಾಗ ಎಂಬ ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಿಂದ. ಕಚ್ಚಿದ ಗುರುತೇ ತೊಟ್ಟಿಲಿಗೆ ಪ್ರಮಾಣ ಎಂದ ಮೇಲೆ, ಇವತ್ತಿನ ಕೂಸೂ ಅದೇ ಅಂಚನ್ನು ಕಚ್ಚುತ್ತದೆ. ಕಂಬಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಬೀಳುವ ಭಯ ಬೇರೆ. ಹೆಸರಿಡುವ ದಿನ ದೊಡ್ಡವರು ಸುತ್ತ ನಿಂತಿರುವಾಗ ದಪ್ಪ ಕೌದಿ ಹಾಸಿ, ನಾಲ್ಕು ಅಂಚಿಗೂ ಬಟ್ಟೆ ಸುತ್ತಿ ನಾಲ್ಕು ಸಲ ತೂಗಬಹುದು. ಅದಕ್ಕೂ ಮೊದಲು ಕೊಂಡಿ ಮತ್ತು ಸರಪಳಿಗೆ ಅಕ್ಕಿಚೀಲ ತೂಗುಬಿಟ್ಟು ಒಂದು ರಾತ್ರಿ ನೋಡಬೇಕು. ದಿನನಿತ್ಯದ ನಿದ್ದೆಗೆ ಹೊಸದೇ ಆಗಬೇಕು. ಕಲಘಟಗಿಯಲ್ಲಿ ಈಗಲೂ ಮಾಡಿಕೊಡುತ್ತಾರೆ, ತಿಂಗಳುಗಟ್ಟಲೆ ಮೊದಲೇ ಹೇಳಿಡಬೇಕು, ಬಣ್ಣದಲ್ಲಿ ಏನೇನು ಹಾಕುತ್ತಾರೆಂದು ಆಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.