ಬೆನ್ನಿನ ನೋವೂ ನಾಳೆಯ ಚಿಂತೆಯೂ

ಪ್ರಶ್ನೆ: ಸೂರತ್ತಿನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ನಮ್ಮ ನೆರೆಯವರ ಬೆನ್ನುನೋವು ಚಿಂತೆಯಾದಾಗಲೆಲ್ಲ ಹೆಚ್ಚುವುದೇಕೆ?

ಉತ್ತರ: ಗಿರ್ರನೆ ತಿರುಗುವ ಸಾಣೆತಟ್ಟೆಯ ಮುಂದೆ ಕತ್ತು ಬಗ್ಗಿಸಿ, ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ದಿನವಿಡೀ ಕುಳಿತವರ ಸ್ನಾಯುಗಳು ದಣಿಯುವುದು ಸಹಜವೇ, ಆದರೆ ಆ ದಣಿವಿನ ವಾರ್ತೆಯು ಬೆನ್ನುಹುರಿಯನ್ನು ಸೇರುವಲ್ಲಿ ದ್ವಾರವೊಂದುಂಟೆಂದೂ, ಅದನ್ನು ತೆರೆಯುವ ಮುಚ್ಚುವ ಅಧಿಕಾರದಲ್ಲಿ ಮೆದುಳಿಗೂ ಪಾಲುಂಟೆಂದೂ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. 2008ರ ಮಾಂದ್ಯದಲ್ಲಿ ಸಾವಿರಾರು ಸಾಣೆಗಾರರು ಕೆಲಸ ಕಳೆದುಕೊಂಡ ಆ ಊರಿನಲ್ಲಿ, ನಾಳೆಯ ಕೂಲಿಯ ಭಯವೂ ಆ ದ್ವಾರವನ್ನು ತೆರೆದಿಡಬಲ್ಲುದು; ಬಹುಕಾಲ ಹಾಗಾದರೆ ನರಮಂಡಲವೇ ಸೂಕ್ಷ್ಮಗೊಂಡು ಅಲ್ಪ ಸ್ಪರ್ಶವೂ ವೇದನೆಯಾದೀತು. ಇದನ್ನು ‘ಬರೀ ಭ್ರಮೆ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ: 1979ರ ಅಂತರರಾಷ್ಟ್ರೀಯ ವ್ಯಾಖ್ಯೆಯೇ ನೋವನ್ನು ಇಂದ್ರಿಯಾನುಭವವೂ ಭಾವಾನುಭವವೂ ಹೌದೆಂದಿದೆ. ವೈದ್ಯರಿಗೆ ಬೆನ್ನನ್ನು ತೋರಿಸುವಾಗ ನಿಮ್ಮ ನೆರೆಯವರು ತಮ್ಮ ನಿದ್ದೆಗೆಟ್ಟ ರಾತ್ರಿಗಳನ್ನೂ ಹೇಳಲಿ.