ಹತ್ತಿರದ ದಾರಿ, ಬೇಗದ ದಾರಿ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಎಷ್ಟು ದೂರ? ನಾವಿಕರು ಬಳಸುವ ಮರ್ಕೇಟರ್ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಥಾಯ್ಲೆಂಡ್, ವಿಯೆಟ್ನಾಂ ದಾಟಿ ಪೆಸಿಫಿಕ್ ಸಾಗರವನ್ನು ಹಾಯುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿ.ಮೀ. ಅದೇ ಎರಡು ಊರುಗಳ ನಡುವೆ ಗ್ಲೋಬಿನ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು, ಚೀನಾ, ಸೈಬೀರಿಯಾ ದಾಟಿ, 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾದ ಕಡೆಯಿಂದ ಇಳಿದು ಬರುತ್ತದೆ. ಈ ದಾರಿ ಸುಮಾರು 14,000 ಕಿ.ಮೀ. ಮಾತ್ರ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದ್ದರ ಫಲ ಈ ಎರಡು ಸಾವಿರ ಕಿಲೋಮೀಟರಿನ ವ್ಯತ್ಯಾಸ.

ಆದರೆ ವಿಮಾನ ಹಾರುವುದು ನೆಲದ ಮೇಲಲ್ಲ, ಗಾಳಿಯಲ್ಲಿ. ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಬೆನ್ನಿಗೆ ಬಿದ್ದರೆ ಅದು ವರ, ಎದುರಾದರೆ ಇಂಧನ ನುಂಗುವ ಶತ್ರು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಪ್ರಯಾಣ ಮಾತ್ರ ಎರಡು ಗಂಟೆಯಷ್ಟು ಬೇಗ ಮುಗಿಯಿತು! ದೂರ ಭೂಮಿಯ ಲೆಕ್ಕ, ಹೊತ್ತು ಗಾಳಿಯ ಲೆಕ್ಕ. ನನಗೆ ವಾಯುಯಾನದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಕಂಡಿಲ್ಲ.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ. ಗಡಿಯಾರದ ಹದಿಮೂರೂವರೆ ಗಂಟೆಯ ಅಂತರ ಸೇರಿ ನಡುವಿನ ಒಂದು ದಿನವೇ ಪ್ರಯಾಣಿಕರ ಕೈತಪ್ಪಿತು. ಲೆಕ್ಕ ಹಾಕಿದರೆ ನೇರ ಧ್ರುವದ ಮೇಲಿನ ದಾರಿ ದಾರದ ದಾರಿಗಿಂತ ಮುನ್ನೂರೈವತ್ತು ಕಿ.ಮೀ.ಗೂ ಮಿಕ್ಕಿ ಉದ್ದ. ಪಶ್ಚಿಮಕ್ಕೆ ಬರುವವರಿಗೆ ಎದುರುಗಾಳಿಯಿಂದ ತಪ್ಪಿಸಿಕೊಳ್ಳಲು ಇಷ್ಟು ಸುತ್ತು ದುಬಾರಿಯಲ್ಲ.

ಧ್ರುವದ ಹಾದಿಯಲ್ಲಿ ಕಾಡುವುದು ಚಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ; ಭಾರತದಲ್ಲಿ ತುಂಬುವ ಜೆಟ್ ಎ-1 ಮೈನಸ್ 47ರ ತನಕ ತಾಳುತ್ತದೆ. ಹೊರಗಿನ ಗಾಳಿಯೋ ಮೈನಸ್ 60ಕ್ಕೂ ಕೆಳಗೆ ಇಳಿಯಬಹುದು. ಇಂಧನ ಇರುವುದು ರೆಕ್ಕೆಗಳಲ್ಲಿ, ಅದೇ ಗಾಳಿಗೆ ಮೈಯೊಡ್ಡಿಕೊಂಡು. ವಿಮಾನವನ್ನು ಕಾಯುವುದು ಅದರ ವೇಗವೇ. ಗಂಟೆಗೆ 900 ಕಿ.ಮೀ. ವೇಗದಲ್ಲಿ ನುಗ್ಗುವಾಗ ರೆಕ್ಕೆಯ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ, ಅದರ ಉಷ್ಣತೆ ಸುಮಾರು 30 ಡಿಗ್ರಿಯಷ್ಟು ಏರುತ್ತದೆ. ಟ್ಯಾಂಕಿನ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕೆ ಮೂರು ಡಿಗ್ರಿ ಸಮೀಪಿಸುವ ಮೊದಲೇ ಪೈಲಟ್ ವೇಗ ಹೆಚ್ಚಿಸಬೇಕು, ಇಲ್ಲವೇ ಬೆಚ್ಚಗಿನ ಗಾಳಿ ಹುಡುಕಿ ಬೇರೆ ಎತ್ತರಕ್ಕೆ ಹೋಗಬೇಕು. ಎರಡಕ್ಕೂ ಬೆಲೆ ತೆರುವುದು ಅದೇ ಇಂಧನ.

ಹಾಗಾಗಿ ಅದೇ ನಂಬರಿನ ವಿಮಾನ ಇಂದು ಹೋದ ದಾರಿಯಲ್ಲಿ ನಾಳೆ ಹೋಗಬೇಕೆಂದಿಲ್ಲ. ಹೊರಡುವ ಕೆಲವು ಗಂಟೆ ಮೊದಲು, ಹಾರಾಟದ ದಾರಿ ಯೋಜಿಸುವ ಡಿಸ್ಪ್ಯಾಚರ್ ಅಂದಿನ ಗಾಳಿ, ಉಷ್ಣತೆ, ತೆರೆದಿರುವ ಆಕಾಶ, ತುರ್ತಿಗೆ ಇಳಿಯಬಹುದಾದ ನಿಲ್ದಾಣಗಳನ್ನೆಲ್ಲ ನೋಡಿ ಹೊಸದಾಗಿ ಗೆರೆ ಎಳೆಯುತ್ತಾರೆ.