ಬಿರುಗಾಳಿಯ ನಡುವೆ ಪ್ರಭುವಿನ ಮುಖ

ಮೌಳಂಗಿಯಲ್ಲಿ ಬಂಡೆಗಳ ನಡುವೆ ನೊರೆಯುಕ್ಕಿಸಿ ಹರಿಯುವ ಕಾಳಿ ನದಿಯನ್ನು ದಿನವೂ ಕಾಣುವ ನಮಗೆ, ನೀರನ್ನು ಚಿತ್ರಿಸುವುದು ಸುಲಭವೆಂಬ ಭಾವನೆಯಿತ್ತು. ತೈಲವರ್ಣ ಕಲಿಯಲು ಕುಳಿತಾಗ ಆ ಭ್ರಮೆ ಕಳಚಿತು.

ಹಿರಿಯ ಕಲಾವಿದರ ಕೃತಿಗಳನ್ನು ನಕಲು ಮಾಡುತ್ತ ಕಲಿಯುವುದು ಹಳೆಯ ಪದ್ಧತಿ. ನಾವು ಆರಿಸಿಕೊಂಡದ್ದು ಡಚ್ ಕಲಾವಿದ ರೆಂಬ್ರಾಂಟ್ 1633ರಲ್ಲಿ ರಚಿಸಿದ ‘ಗಲಿಲೇಯ ಸರೋವರದ ಬಿರುಗಾಳಿ’. ಸಂತ ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದ ಪ್ರಸಂಗವಿದು. ದೋಣಿಯಲ್ಲಿ ಪ್ರಭು ಯೇಸು, ಹನ್ನೆರಡು ಮಂದಿ ಶಿಷ್ಯರು, ಜೊತೆಗೆ ನಮ್ಮತ್ತಲೇ ನೋಡುವ ಮತ್ತೊಬ್ಬ. ಆತ ಸ್ವತಃ ರೆಂಬ್ರಾಂಟನೇ ಎಂಬುದು ಬಲ್ಲವರ ಅಭಿಪ್ರಾಯ.

ಮೂಲಚಿತ್ರದ ಎತ್ತರ 160 ಸೆಂಟಿಮೀಟರ್, ಅಗಲ 128. ಐದಕ್ಕೆ ನಾಲ್ಕರ ಪ್ರಮಾಣ. ಆದುದರಿಂದ 50 ಸೆಂಟಿಮೀಟರ್ ಎತ್ತರ, 40 ಸೆಂಟಿಮೀಟರ್ ಅಗಲದ ಕ್ಯಾನ್ವಾಸನ್ನು ತೆಗೆದುಕೊಂಡು, ಅದರ ಮೇಲೂ ಅಚ್ಚಾದ ಪ್ರತಿಯ ಮೇಲೂ ತಲಾ 80 ಚೌಕಗಳನ್ನು ಎಳೆದೆವು. ಮೊದಲು ಅಲೆಗಳನ್ನೇ ಬರೆದೆವು. ದೋಣಿ ಮಕ್ಕಳ ಆಟಿಕೆಯಂತೆ ತೇಲಿತು. ಬಣ್ಣವನ್ನೆಲ್ಲ ಕೆರೆದು ತೆಗೆದು, ಓರೆಯಾದ ಕೂವೆಮರದಿಂದ ಪುನಃ ಆರಂಭಿಸಿದೆವು. ಹಗ್ಗ ಹಿಡಿದ, ಹಾಯಿಯೊಡನೆ ಸೆಣಸುವ, ಚುಕ್ಕಾಣಿ ಒತ್ತಿದ ಕೈಗಳು ಮೂಡಿದಂತೆ ಗಾಳಿಯ ರಭಸವೂ ಮೂಡತೊಡಗಿತು. ಬಿರುಗಾಳಿ ಕಾಣಿಸುವುದು ನೀರಿನಲ್ಲಿ ಮಾತ್ರವಲ್ಲ, ಮನುಷ್ಯರ ಮೈಯಲ್ಲಿ.

ನೆರಳಿಗೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ, ಬೆಳಕಿಗೆ ದಪ್ಪ ಬಣ್ಣ. ಕೆಳಪದರಕ್ಕಿಂತ ಮೇಲ್ಪದರದಲ್ಲಿ ಅಗಸೆ ಎಣ್ಣೆಯ ಅಂಶ ಹೆಚ್ಚಿರಬೇಕು. ಇಲ್ಲವಾದರೆ ಮುಂದೆ ಬಿರುಕು ತಪ್ಪದು. ಈ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದ ತಂಪಿನಲ್ಲಿ ಒಂದೊಂದು ಪದರಕ್ಕೂ ದಿನಗಟ್ಟಲೆ ಕಾಯಬೇಕಾಯಿತು. ಕಾಯುವ ಬಿಡುವಿನಲ್ಲಿ ನದಿಯನ್ನು ನೋಡಿದೆವು. ಅಲ್ಲಿನ ನೊರೆ ಬಿಳಿಯಲ್ಲ. ಬೂದು, ಹಸಿರು, ಕೆಂಗಂದು. ಶುದ್ಧ ಬಿಳಿಯೆಂದರೆ ಅಲೆಯ ತುದಿಯಲ್ಲಿ ಒಂದೆರಡು ಗೆರೆ ಮಾತ್ರ.

ದೊಡ್ಡ ತಪ್ಪು ಕೊನೆಗಾಯಿತು. ಭಕ್ತಿಯಿಂದಲೇ ಪ್ರಭುವಿನ ಮುಖವನ್ನು ಎಲ್ಲಕ್ಕಿಂತ ಪ್ರಕಾಶಮಾನವಾಗಿ ಬರೆದೆವು. ಮರುಕ್ಷಣವೇ ಬಿರುಗಾಳಿ ಸತ್ತುಹೋಯಿತು. ಶಿಷ್ಯರ ಭಯ ನಟನೆಯಂತೆ ಕಂಡಿತು. ಮತ್ತೆ ಪ್ರತಿಯನ್ನು ನೋಡಿದೆವು. ರೆಂಬ್ರಾಂಟ್ ಉಜ್ವಲ ಬೆಳಕನ್ನು ಸುರಿದಿರುವುದು ಎಡಬದಿಯ ಅಲೆಯ ಮೇಲೆ, ಹರಿದ ಹಾಯಿಯ ಮೇಲೆ. ಆಗಷ್ಟೇ ಎಚ್ಚೆತ್ತ ಪ್ರಭು ಬಲಬದಿಯಲ್ಲಿ, ಶಿಷ್ಯರ ನಡುವೆ, ಸೌಮ್ಯವಾದ ಬೆಳಕಿನಲ್ಲಿದ್ದಾರೆ. ಕಣ್ಣು ಮೊದಲು ಅಪಾಯವನ್ನು ಕಾಣುತ್ತದೆ. ಶಾಂತಿಯನ್ನು ಹುಡುಕಿ ಕಾಣಬೇಕು. ಆ ಮುಖವನ್ನು ತಗ್ಗಿಸಲು ಕೈ ಹಿಂಜರಿಯಿತು; ತಗ್ಗಿಸಿದ ಮೇಲೆಯೇ ಅದು ಜೀವ ತಳೆಯಿತು.

ಮೂಲಚಿತ್ರ ಇಂದು ಸಾರ್ವಜನಿಕರ ಕಣ್ಣಿಗಿಲ್ಲ. 1990ರ ಮಾರ್ಚ್ 18ರಂದು ಅಮೆರಿಕದ ಬೋಸ್ಟನ್ ನಗರದ ಗಾರ್ಡ್ನರ್ ವಸ್ತುಸಂಗ್ರಹಾಲಯಕ್ಕೆ ಪೊಲೀಸರ ವೇಷದಲ್ಲಿ ನುಗ್ಗಿದ ಕಳ್ಳರು ಇತರ ಹನ್ನೆರಡು ಕಲಾಕೃತಿಗಳೊಡನೆ ಇದನ್ನೂ ಚೌಕಟ್ಟಿನಿಂದ ಕತ್ತರಿಸಿ ಒಯ್ದರು. ಬರಿದಾದ ಚೌಕಟ್ಟು ಅಲ್ಲಿ ಇನ್ನೂ ತೂಗುತ್ತಿದೆ.

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರವರೆಗೆ ರಚಿಸಿದ ಚಿತ್ರಗಳಾದರೋ ನಮ್ಮ ನಾಡಿನಲ್ಲೇ ಇವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಂದಿರು ಅವಸರಪಡದೆ, ಒಂದೇ ಚಿತ್ರದ ಮುಂದೆ ಕಾಲು ಗಂಟೆ ನಿಲ್ಲಲಿ. ಮನೆಗೆ ಮರಳಿದ ಮೇಲೆ ಮಕ್ಕಳ ಕೈಗೊಂದು ಕುಂಚ ಕೊಡಲಿ. ಬರೆಯಲು ಹೊರಟಾಗಲೇ ನಾವು ಎಷ್ಟು ನೋಡಿದ್ದೇವೆಂಬುದು ತಿಳಿಯುತ್ತದೆ.